ಅಮೀರಸಾಬನ ಬಲಗಿವಿ

ಅಮೀರಸಾಬನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಭಾಂಡುಪ್‌ನ ಚಾಳಿನಲ್ಲಿ ನಮ್ಮದು ಎದುರುಬದುರು ಮನೆ. ವಿಜಯಪುರದ ಕಡೆಯವನು. ಶತ್ರು ವಿಮಾನ ಹೊಡೆದುರುಳಿಸುವ ತೋಪುಗಳ ರೆಜಿಮೆಂಟಿನಲ್ಲಿ ಇಪ್ಪತ್ತೆರಡು ವರ್ಷ ಗುಂಡು ತುಂಬಿದವನು, ಈಗ ಒಂದು ಬಿಲ್ಡಿಂಗಿನ ವಾಚ್‌ಮನ್.

ರೆಜಿಮೆಂಟಿಗೆ ಐವತ್ತು ತುಂಬುತ್ತದೆಂದು ಅದರ ಇತಿಹಾಸ ಬರೆಯುತ್ತಿದ್ದರು. ಹಳಬರೆಲ್ಲ ನೆನಪಿದ್ದದ್ದು ಕಳಿಸಬೇಕಂತೆ. ಇವನು ಹೇಳುವುದು, ನಾನು ಬರೆಯುವುದು. ಕೈಯಿಂದ ಚಕ್ರ ತಿರುಗಿಸಿ ತೋಪು ಎತ್ತುತ್ತಿದ್ದ ಕಾಲ, ರಾಡಾರ್ ಬಂದ ವರ್ಷ, ಮರಳುಗಾಡಿನ ಡ್ಯೂಟಿ, ಎಲ್ಲ ಬರೆಸಿದ.

"ಕಿವ್ಯಾಗ ಹತ್ತಿ ಅರಳಿ ಇಟ್ಕೊಂಡ್ರ ಸಾಹೇಬರ ಹುಕುಂ ಕೇಳ್ತಿರಲಿಲ್ಲ. ತಗದು ಒಗೀತಿದ್ವಿ" ಎಂದ.

ಎಡಗಿವಿ ಹೋಗಿದ್ದು ಹಾಗೆ. ಅದು ಚಾಳಿಗೆಲ್ಲ ಗೊತ್ತು. ಬಲಗಿವಿಯೂ ಈ ವರ್ಷ ಪೂರ್ತಿ ಹೋಯಿತೆಂದು ಬರೆಸಿದವನು ಮರುಕ್ಷಣವೇ ಆ ಸಾಲು ಹೊಡೆದುಹಾಕಿಸಿದ. "ಗೊತ್ತಾದ್ರ ನೌಕರಿ ಹೋಗ್ತೈತಿ. ರೋಷನಬಿಗೂ ಹೇಳಬ್ಯಾಡ." ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ, ಕಳ್ಳ!

ಅಷ್ಟರಲ್ಲಿ ಗಡಿಯಲ್ಲಿ ಗುಂಡಿನ ಚಕಮಕಿ ಶುರುವಾಯಿತು. ಮಗ ಮುಬಾರಕ ಅಪ್ಪನ ರೆಜಿಮೆಂಟಿನಲ್ಲೇ ಇದ್ದ, ಅದೇ ಗಡಿಯಲ್ಲಿ. ಒಂಬತ್ತು ದಿನ ಅವನ ಫೋನ್ ಬಂದ್. ಟಿವಿ ಹಚ್ಚಿದರೆ ಬರೀ ಡ್ರೋನು. ಹೆಂಡತಿ ರೋಷನಬಿ ಊಟ ಬಿಟ್ಟಳು, ಫೋನು ಕೈಯಿಂದ ಇಳಿಸಲಿಲ್ಲ. ಹತ್ತನೇ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಗಂಡನಿಗೆ ಒಂದು ಕಿವಿಯಾದರೂ ಇದೆಯಲ್ಲ ಎಂದು ಫೋನು ಅವನ ಕೈಗಿಟ್ಟು ಕೊಡ ಹಿಡಿದು ಓಡಿದಳು.

ಆಗಲೇ ಬರಬೇಕೆ ಫೋನು! ನಾನು ಗ್ಯಾಲರಿಗೆ ಬಂದಾಗ ಅಮೀರಸಾಬ ಅದನ್ನು ಬಲಗಿವಿಗೆ ಒತ್ತಿಕೊಂಡು, "ಯಾರು? ಮುಬಾರಕ? ಜೋರಾಗಿ ಹೇಳಪಾ!" ಎಂದು ಕಿರುಚುತ್ತಿದ್ದ. ಕಸಿದುಕೊಂಡೆ. ಕಟ್ ಆಗಿತ್ತು. ಪೂರ್ತಿ ಒಂದು ನಿಮಿಷ ಯಾರೋ ಮಾತಾಡಿದ್ದಾರೆ. ಹೊಸ ನಂಬರು. ಮಗನೋ, ಮಗನ ಸುದ್ದಿ ಹೇಳಲು ಫೋನು ಮಾಡಿದ ಸಾಹೇಬರೋ? ತಿರುಗಿ ಹಚ್ಚಿದೆ, ಮತ್ತೆ ಹಚ್ಚಿದೆ, ಹತ್ತಲೇ ಇಲ್ಲ. ಅಯ್ಯೋ ಪಾಪಿ ಎಂದು ಅವನ ಭುಜ ಹಿಡಿದು ಅಲುಗಾಡಿಸಿದೆ.

ರೋಷನಬಿ ಕೊಡ ಅಲ್ಲೇ ಬಿಟ್ಟು ಓಡಿಬಂದಳು. "ಮುಬಾರಕ ಏನ್ರೀ? ಏನಂದ?"

ಅಮೀರಸಾಬ ಅವಳ ತುಟಿಯನ್ನೇ ನೋಡಿದ. "ಆರಾಮ ಅದಾನಂತ."

"ದನಿ ಹೆಂಗಿತ್ತು?"

"ಸಣ್ಣಾಂವಿದ್ದಾಗ ಹೆಂಗಿತ್ತು, ಹಂಗ."

ಅವಳು ಅಳುತ್ತಲೇ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು, ಬಾಗಿಲು ಬಾಗಿಲಿಗೂ ಹೋಗಿ ಹಂಚಿದಳು. ಕೊನೆಗೆ, "ಬಾಯಿ ಸಿಹಿ ಮಾಡ್ಕೊ ಖಂಡಪ್ಪಣ್ಣಾ" ಎಂದು ನನ್ನ ಅಂಗೈಗೂ ಹಾಕಿದಳು.

ತಿಂದೆ.