ಬಿಳಿ ರಕ್ತ ಕಮ್ಮಿಯಿದ್ದವಳ ತುರುವೇಕೆರೆ

ಬಾಡಿಗೆಗೆಂದು ನೋಡಲು ಹೋದ ಮನೆಯೊಳಗೆ ಕಾಲಿಟ್ಟು ತಲೆಯೆತ್ತಿದವಳು ಹಾಗೆಯೇ ಹೊಸ್ತಿಲಾಚೆಗೆ ಸರಿದು ನಿಂತೆ. ತಲೆಯ ಮೇಲೆ ಸೂರು ಕಾಣಬೇಕಾದ ಜಾಗದಲ್ಲಿ ತೆಂಗಿನಕಾಯಿಗಳಿದ್ದವು. ಮರದ ದಬ್ಬೆಗಳನ್ನು ಜೋಡಿಸಿ ಮಾಡಿದ ಅಟ್ಟ, ಅದರ ಸಂದುಸಂದಿನಿಂದ ಸುಲಿಯದ ಕಾಯಿಗಳು ಕೆಳಗೆ ಇಣುಕುತ್ತಿದ್ದವು. ಒಂದು ದಬ್ಬೆ ಮುರಿದರೆ ಸಾಕು, ಕ್ಯಾನ್ಸರಿನಿಂದ ಪಾರಾದವಳು ತೆಂಗಿನಕಾಯಿ ಬಿದ್ದು ಸತ್ತಳಂತೆ ಎಂದು ನಮ್ಮೂರಲ್ಲಿ ಸುದ್ದಿಯಾಗುತ್ತದೆ ಎಂದುಕೊಂಡೆ.

ಮನೆಯೊಡತಿ ಶಿವನಂಜಮ್ಮ ನಕ್ಕರು. "ಅವು ಬೀಳಾಕಿಲ್ಲ ಕಣಮ್ಮ, ಹೆದ್ರುಕೋಬ್ಯಾಡ. ನಾವು ಹುಟ್ಟಿದಾಗ್ಲಿಂದ ಇವುಗಳ ಕೆಳ್ಗೇ ಮಲ್ಗಿರೋದು."

ವಿಜಾಪುರದ ಕಡೆಯ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ತಲೆಯ ಮೇಲೆ ಮಣ್ಣಿನ ಮಾಳಿಗೆ, ಬೇಸಿಗೆಯಲ್ಲಿ ಅದನ್ನು ಹತ್ತಿ ಮಲಗಿದರೆ ಚುಕ್ಕಿಗಳು. ಇಲ್ಲಿ ತಲೆಯ ಮೇಲೆ ವರ್ಷದ ಬೆಳೆ. ಕಾಯಿಯನ್ನು ಕೊಯ್ದು ಅಟ್ಟಕ್ಕೆ ಹಾಕುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುವವರೆಗೆ ಕಾಯುತ್ತಾರೆ. ಆಮೇಲೆ ಒಡೆದರೆ ಇಡಿಯಾದ ಉಂಡೆ ಕೊಬ್ಬರಿ. ನಮ್ಮವ್ವಂದಿರು ಉಡಿ ತುಂಬಲು ಪೇಟೆಯಿಂದ ತರುವ ಕೊಬ್ಬರಿ ಬಹುಪಾಲು ಈ ಅಟ್ಟಗಳಿಂದಲೇ ಬರುತ್ತದೆ ಎಂದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ.

ನಾನು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ದೂರವಾಣಿ ಕಚೇರಿಯ ಗುಮಾಸ್ತೆಯಾಗಿ. ಅದಕ್ಕೆ ಕೆಲವು ವರ್ಷ ಹಿಂದೆ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕೀಮೋ ಆಗಿತ್ತು. ಗಂಟು ಹೋಯಿತು, ಕೂದಲು ಹೋಗಿ ಮತ್ತೆ ಬಂತು, ಗೊತ್ತಾಗಿದ್ದ ಮದುವೆ ಹೋಗಿ ಮತ್ತೆ ಬರಲಿಲ್ಲ. ಸೋಂಕು ತಡೆಯುವ ಬಿಳಿ ರಕ್ತಕಣಗಳು ಮಾತ್ರ ಇರಬೇಕಾದ್ದರ ಅರ್ಧಕ್ಕೇ ನಿಂತುಬಿಟ್ಟಿದ್ದವು. ಔಷಧಿ ಕೆಟ್ಟ ಕಣಗಳ ಜೊತೆಗೆ ಮೂಳೆಯೊಳಗೆ ರಕ್ತ ಹುಟ್ಟುವ ಮಜ್ಜೆಯನ್ನೂ ಹೊಡೆದಿದೆ ಎಂದು ಡಾಕ್ಟರು ಹೇಳಿದ್ದರು. ಕೆಲವರಿಗೆ ಬೇಗ ಸುಧಾರಿಸುತ್ತದೆ, ಕೆಲವರಿಗೆ ವರ್ಷಗಳು ಹಿಡಿಯುತ್ತವೆ, ಕೆಲವರಿಗೆ ಅಷ್ಟಕ್ಕಷ್ಟೇ. ನಾನು ಯಾವ ಗುಂಪಿನವಳೆಂದು ಅವರಿಗೂ ಗೊತ್ತಿರಲಿಲ್ಲ. ಆಗಾಗ ತಿಪಟೂರಿಗೆ ಬಸ್ಸಿನಲ್ಲಿ ಹೋಗಿ ರಕ್ತ ಕೊಟ್ಟು, ಫಲಿತಾಂಶ ಹಿಡಿದು ಬೆಂಗಳೂರಿನ ರೈಲು ಹತ್ತುವುದು ನನ್ನ ಪಾಲಿನ ಕೆಲಸವಾಗಿತ್ತು.

ಕಾಯಿಲೆ ಬಿದ್ದಂದಿನಿಂದ ನಮ್ಮ ಮನೆಯಲ್ಲಿ ನಾನು ರೋಗಿಯಾಗಿಯೇ ಉಳಿದಿದ್ದೆ. ಮಾತಾಡುತ್ತ ಕೂತವರು ನಾನು ಒಳಗೆ ಬಂದರೆ ದನಿ ತಗ್ಗಿಸುತ್ತಿದ್ದರು. ತುರುವೇಕೆರೆಯಲ್ಲಿ ನಾನು ಟೆಲಿಫೋನ್ ಮೇಡಂ. ತಿಪಟೂರು ಮಂಡಿಗೆ ಲೈನು ಸಿಗಲಿಲ್ಲವೆಂದರೆ ಕೊಬ್ಬರಿ ವ್ಯಾಪಾರಿಗಳು ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅವರು ಬೈದುಹೋದರೆ ನನಗೆ ಒಳಗೊಳಗೇ ಖುಷಿ, ರೋಗಿಯನ್ನು ಯಾರೂ ಹಾಗೆ ಬೈಯುವುದಿಲ್ಲವಲ್ಲ. ಆ ಕೆಲಸ, ಆ ಬೈಗುಳ, ಶಿವನಂಜಮ್ಮನ ಮನೆಯಲ್ಲಿ ಬಾಡಿಗೆಗೆ ಹಿಡಿದ ಹಿತ್ತಿಲ ಕಡೆಯ ಒಂದು ಕೋಣೆ, ಅದರ ಬೀಗದ ಕೈ, ಇವಿಷ್ಟು ನನ್ನವು. ಕಣಗಳು ಇನ್ನೂ ಇಳಿದರೆ ಇವನ್ನೆಲ್ಲ ಬಿಟ್ಟು ಅವ್ವನ ಮನೆಯ ಮೂಲೆ ಸೇರಬೇಕು ಎಂಬ ಭಯ ಸದಾ ಬೆನ್ನ ಹಿಂದಿತ್ತು.

ಊಟದ ವಿಷಯದಲ್ಲಿ ಮೊದಮೊದಲು ಅತ್ತದ್ದೂ ಉಂಟು. ಖಡಕ್ ರೊಟ್ಟಿ ಮುರಿದು ತಿಂದು ಬೆಳೆದ ಬಾಯಿಗೆ ರಾಗಿಮುದ್ದೆಯನ್ನು ಅಗಿಯದೆ ನುಂಗಬೇಕೆನ್ನುವುದು ಒಗ್ಗಲಿಲ್ಲ. ನಾನು ಅಗಿಯುವುದನ್ನು ನೋಡಿ ಶಿವನಂಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ಊರಿನಿಂದ ತಂದ ಖಾರದ ಚಟ್ನಿಪುಡಿ, ಶೇಂಗಾ ಹಿಂಡಿ, ಬಡಿಸಿದರೆ ಗಂಡ ಹೆಂಡತಿ ಇಬ್ಬರೂ ಹ್ಹಾ ಹ್ಹಾ ಎನ್ನುತ್ತ ನೀರು ಕುಡಿದರು. ಅಲ್ಲಿಗೆ ಲೆಕ್ಕ ಸರಿಹೋಯಿತು.

ನನ್ನ ರಕ್ತದ ಸುದ್ದಿಯನ್ನು ನಾನು ಮುಚ್ಚಿಡಲಿಲ್ಲ, ಮುಚ್ಚಿಟ್ಟಿದ್ದರೂ ಅವರು ಬಿಡುತ್ತಿರಲಿಲ್ಲ. ರಕ್ತ ಕಮ್ಮಿ ಎಂದು ಕೇಳಿದ್ದೇ ತಡ, ಬೀದಿಯವರೆಲ್ಲ ಬೀಟ್‌ರೂಟು, ನುಗ್ಗೆಸೊಪ್ಪು, ಖರ್ಜೂರ ತಂದುಕೊಟ್ಟರು. ಕಮ್ಮಿಯಿರುವುದು ಕೆಂಪಲ್ಲ, ಬಿಳಿ ರಕ್ತಕಣ ಎಂದು ತಿಳಿಸಿ ಹೇಳಿದೆ. ಶಿವನಂಜಮ್ಮ ಗಂಭೀರವಾಗಿ ತಲೆಯಾಡಿಸಿದರು. ಮರುದಿನದಿಂದ ಬಿಳಿ ಪದಾರ್ಥಗಳು ಬರತೊಡಗಿದವು. ಎಳನೀರು, ಅದರೊಳಗಿನ ಎಳೆ ಗಂಜಿ, ಮೂಲಂಗಿ, ಹಾಲು. ಹುಳಿಯಾರು ಕಡೆಯ ಹಟ್ಟಿಯಿಂದ ಬೆಣ್ಣೆ ಮಾರಲು ಬರುತ್ತಿದ್ದ ಈರಕ್ಕ ಒಂದು ಮುದ್ದೆ ಬೆಣ್ಣೆಯನ್ನು ನನ್ನ ಅಂಗೈಗೆ ಇಟ್ಟು, "ಇದ್ಕಿಂತ ಬೆಳ್ಳಗಿರೋದು ನಮ್ತಾವ ಇಲ್ಲ ಕಣವ್ವ, ತಿನ್ನು" ಎಂದಳು. ತಿನ್ನದೆ ಏನು ಮಾಡಲಿ? ಕಣಗಳು ಏರಲಿಲ್ಲ, ನಾನು ಮಾತ್ರ ದುಂಡಗಾದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು. ಹೋಯಿತು, ಮತ್ತೆ ಬಂತು. ತಿಪಟೂರಿನ ಫಲಿತಾಂಶದಲ್ಲಿ ಬಿಳಿ ಕಣಗಳು ಹಿಂದೆಂದೂ ಇಲ್ಲದಷ್ಟು ಇಳಿದಿದ್ದವು. ಬೆಂಗಳೂರಿನಲ್ಲಿ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರು. ಹಳೆಯ ರೋಗ ಬಂದಿಲ್ಲ, ಹೊಸದೂ ಇಲ್ಲ, ಮಜ್ಜೆ ಸುಸ್ತಾಗಿದೆ ಎಂದರು ಡಾಕ್ಟರಮ್ಮ. ಆಮೇಲೆ ಎಂಥ ಮನೆಯಲ್ಲಿರುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದ ಅಟ್ಟದ ವರ್ಣನೆ ಮಾಡಿದೆ. ಅವರ ಮುಖ ಬದಲಾಯಿತು. ಸಿಪ್ಪೆಯ ಧೂಳು, ಕೊಳೆತ ಕಾಯಿಯ ಬೂಷ್ಟು, ಇವು ಗಟ್ಟಿಮುಟ್ಟಾದವರಿಗೆ ಏನೂ ಮಾಡುವುದಿಲ್ಲ, ನಿಮ್ಮಂಥವರ ಶ್ವಾಸಕೋಶಕ್ಕೆ ಇಳಿದರೆ ಕಷ್ಟ ಎಂದರು. "ಮೊದಲು ಆ ಮನೆ ಬಿಡಿ. ಮುಂದಿನ ಪರೀಕ್ಷೆಯಲ್ಲೂ ಇಳಿದಿದ್ದರೆ ಕೆಲಸಕ್ಕೆ ರಜೆ ಹಾಕಿ ತಾಯಿ ಹತ್ತಿರ ಹೋಗಿ."

ಅವ್ವ ಫೋನಿನಲ್ಲಿ ಅದನ್ನೇ ಹೇಳಿದಳು. "ಅಲ್ಲಿ ನಿನ್ನ ನೋಡವ್ರು ಯಾರ ಅದಾರ? ಸುಮ್ನ ಬಂದಬಿಡ."

ತೆಂಗಿನ ಸೀಮೆಯಲ್ಲಿ ಅಟ್ಟವಿಲ್ಲದ ಮನೆ ಹುಡುಕಿಕೊಂಡು ಅಲೆದೆ. ಇದ್ದ ಒಂದೆರಡಕ್ಕೆ ಬಾಡಿಗೆದಾರರಿದ್ದರು. ಕೊನೆಗೆ ಶಿವನಂಜಮ್ಮನ ಮುಂದೆ ಕೂತು, ಊರಿಗೆ ಹೋಗಬೇಕಾಗಬಹುದು ಎಂದು ಎಲ್ಲವನ್ನೂ ಹೇಳಿದೆ. ಅವರು ಒಮ್ಮೆ ಅಟ್ಟ ನೋಡಿದರು, ಒಮ್ಮೆ ಗಂಡ ಗಂಗಾಧರಯ್ಯನವರ ಮುಖ ನೋಡಿದರು.

"ಕಾಯಿ ಇಳ್ಸಿ ಮಾಯಸಂದ್ರಕ್ಕೆ ನಮ್ಮಣ್ಣನ ಅಟ್ಟಕ್ಕೆ ಸಾಗ್ಸಾನ" ಎಂದರು.

ಗಂಗಾಧರಯ್ಯನವರು ಬೆಚ್ಚಿಬಿದ್ದರು. ಅಟ್ಟ ಸೇರಿದ ಕಾಯಿಯನ್ನು ಹದವಾಗುವ ಮುಂಚೆ ಕದಲಿಸುವುದು ಆ ಮನೆಯಲ್ಲಿ ಯಾರೂ ಮಾಡಿದ ಕೆಲಸವಲ್ಲ. "ಇನ್ನೂ ನೀರು ಇಂಗಿಲ್ಲ ಕಣೇ. ಈಗ ಕದಲ್ಸಿದ್ರೆ ಕೊಳೀತವೆ."

"ಕೊಳೆತ್ರೆ ಕೊಳೀಲಿ ಬುಡಿ. ಕಾಯಿ ಮತ್ತೆ ಬತ್ತವೆ. ಈ ಹುಡ್ಗಿ ಹೋದ್ರೆ ಮತ್ತೆ ಬತ್ತಾಳಾ?"

ಬೇಡವೆಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಗಂಗಾಧರಯ್ಯನವರೇ ಏಣಿ ಹತ್ತಿದರು. ಧೂಳು ನನಗೆ ತಾಗಬಾರದೆಂದು ನನ್ನನ್ನು ಎದುರು ಮನೆಯ ಜಗುಲಿಗೆ ಅಟ್ಟಿದ್ದರು, ಅಲ್ಲಿಂದಲೇ ನೋಡಿದೆ. ಮೇಲಿನಿಂದ ಎಸೆದಿದ್ದರೆ ಗಳಿಗೆಯಲ್ಲಿ ಮುಗಿಯುತ್ತಿತ್ತು. ನೀರಿರುವ ಕಾಯಿ ಏಟು ತಿನ್ನಬಾರದೆಂದು ಬೀದಿಯವರು ಸಾಲಾಗಿ ನಿಂತು, ಹಸುಗೂಸನ್ನು ಎತ್ತಿಕೊಳ್ಳುವಂತೆ ಒಂದೊಂದನ್ನೇ ಕೈಯಿಂದ ಕೈಗೆ ದಾಟಿಸಿದರು. ನನ್ನನ್ನು ಫೋನಿನ ಲೈನಿಗಾಗಿ ಬೈಯುತ್ತಿದ್ದ ವ್ಯಾಪಾರಿಯೊಬ್ಬರೂ ಆ ಸಾಲಿನಲ್ಲಿದ್ದರು. ಸಂಜೆಯ ಹೊತ್ತಿಗೆ ಗಾಡಿ ಮಾಯಸಂದ್ರದ ದಾರಿ ಹಿಡಿಯಿತು. ಆಮೇಲೆ ಅಟ್ಟ ತೊಳೆದು ಸುಣ್ಣ ಬಳಿದರು. ಇಂಥ ಜನ ನಮ್ಮ ಕಡೆಯೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ನೆಂಟಳಲ್ಲದ, ಮಾತೂ ಬೇರೆಯಾದ ಬಾಡಿಗೆಯವಳಿಗಾಗಿ ವರ್ಷದ ಬೆಳೆಯನ್ನು ಅಲುಗಾಡಿಸಿದವರನ್ನು ನಾನು ಕಂಡದ್ದು ಅಲ್ಲಿಯೇ. ಆ ಜಗುಲಿಯ ಮೇಲೆ ಕೂತು ಮನಸಾರೆ ಅತ್ತೆ.

ಮುಂದಿನ ಪರೀಕ್ಷೆಯಲ್ಲಿ ಕಣಗಳು ಏರಿರಲಿಲ್ಲ. ಇಳಿದೂ ಇರಲಿಲ್ಲ. ಅದರ ಮುಂದಿನದರಲ್ಲಿ ಚೂರು ಮೇಲೆ ಬಂದು ಹಳೆಯ ಅರ್ಧಕ್ಕೆ ನಿಂತವು. ಉಳಿದವರ ಮಟ್ಟಕ್ಕೆ ಬರುವುದನ್ನು ಕಾಯುತ್ತ ಕೂರಬೇಡಿ, ಇದೇ ನಿಮ್ಮ ಮಟ್ಟ ಎಂದುಕೊಂಡು ಕೆಲಸ ಮಾಡಿ ಎಂದರು ಡಾಕ್ಟರಮ್ಮ. ನಾನು ಸಪ್ಪೆ ಮುಖ ಹೊತ್ತು ಮನೆಗೆ ಬಂದೆ.

"ನಿಂತದೆ ತಾನೆ? ಸಾಕು ಬುಡು" ಎಂದರು ಶಿವನಂಜಮ್ಮ. "ಏಣಿ ಮೇಲೆ ಎಲ್ರೂ ಕೊನೇ ಮೆಟ್ಲಿಗೆ ಹೋಗ್ಬೇಕು ಅಂತೈತಾ?"

ಮಾಯಸಂದ್ರಕ್ಕೆ ಹೋದ ಕಾಯಿಗಳಲ್ಲಿ ಒಂದಷ್ಟು ಕೊಳೆತವು. ಗಂಗಾಧರಯ್ಯನವರು ಆ ವಿಷಯವನ್ನು ನನ್ನೆದುರು ಎತ್ತಲೇ ಇಲ್ಲ. ಉಳಿದವು ಕೊಬ್ಬರಿಯಾದ ದಿನಗಳಲ್ಲಿ ನಾನು ರಜೆ ಹಾಕಿ ಊರಿಗೆ ಹೊರಟೆ. ಶಿವನಂಜಮ್ಮ ಮಣೆ ಹಾಕಿ ಕೂರಿಸಿದರು. ಅಕ್ಕಿ, ಎಲೆ ಅಡಿಕೆ, ರವಿಕೆ ಬಟ್ಟೆ, ಎರಡು ಉಂಡೆ ಕೊಬ್ಬರಿ. ನಮ್ಮಲ್ಲಿ ಉಡಿ ತುಂಬುವುದೆಂದರೆ ಇಲ್ಲಿ ಮಡಿಲು ತುಂಬುವುದು. ಮದುವೆಯಾಗದವಳಿಗೆ ಇದೆಲ್ಲ ಯಾಕೆ ಎಂದೆ.

"ಮನೆಮಗಳನ್ನ ಬರೀ ಮಡಿಲಲ್ಲಿ ಕಳಿಸ್ತಾರಾ? ಸುಮ್ಕೆ ಸೆರಗು ಹಿಡಿ" ಎಂದರು.

ಊರಿನಲ್ಲಿ ಅವ್ವ ನನ್ನ ಚೀಲ ಬಿಚ್ಚಿ ಕೊಬ್ಬರಿ ಕಂಡಳು. ಯಾರು ಕೊಟ್ಟರೆಂದು ಕೇಳಿದಳು. ಹೇಳಿದೆ. ಕೊಬ್ಬರಿಗಳನ್ನು ಸೆರಗಿನಲ್ಲಿ ಒರೆಸಿ ದೇವರ ಮುಂದೆ ಇಟ್ಟಳು. ಕಾಯಿಲೆಯಾದ ಮೇಲೆ ನಮ್ಮ ಮನೆಯಲ್ಲಿ ನನಗೆ ಯಾರೂ ಉಡಿ ತುಂಬಿರಲಿಲ್ಲ. ನಾನು ಮರಳುವ ದಿನ ಅವ್ವ ತಾನಾಗಿ ಕರೆದು ಕೂರಿಸಿ, ಆ ಎರಡು ಕೊಬ್ಬರಿಗಳಲ್ಲಿ ಒಂದನ್ನು ತನ್ನಲ್ಲಿಟ್ಟುಕೊಂಡು ಇನ್ನೊಂದನ್ನು ನನ್ನ ಉಡಿಗೆ ಹಾಕಿದಳು. "ಹೋಗಿ ಬಾ ನನ್ನವ್ವ. ಅಲ್ಲೂ ನಿನ್ನ ನೋಡವ್ರು ಅದಾರ" ಎಂದಳು.

ಹೆಣ್ಣುಮಗಳ ಉಡಿ ತುಂಬುವುದು ಅವಳು ತವರಿನಿಂದ ಹೊರಡುವಾಗ. ಈಗ ನನಗೆ ಎರಡು ಕಡೆಯೂ ತುಂಬುತ್ತಾರೆ. ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆ ಎಂದು ಕೇಳಿದರೆ, ಬಸ್ಸು ಯಾವ ದಿಕ್ಕಿಗೆ ಹೊರಟಿದ್ದರೂ ತವರಿಗೆ ಎನ್ನುತ್ತೇನೆ. ಕಣ್ಣಲ್ಲಿ ನೀರು ಯಾಕೆ ಎಂದು ಕೇಳಿದರೆ, ತವರಿನಿಂದ ಬರುತ್ತಿದ್ದೇನೆ ಎನ್ನುತ್ತೇನೆ.