ಹಳ್ಳದ ಮುಂದೆ ನಿಲ್ಲುವ ಗಾಡಿ

ದೇವೀಂದ್ರಪ್ಪನಿಗೆ ಆ ಗಾಡಿಯಲ್ಲಿ ಇದ್ದ ಕೆಲಸ ಒಂದೇ: ಏನೂ ಮಾಡದೆ ಕೂತಿರುವುದು. ವಾಡಿಯ ಆಚೆಗಿನ ಸುಣ್ಣದಕಲ್ಲಿನ ಗಣಿಯಲ್ಲಿ ಅವನು ಮೀಸೆ ಮೂಡಿದಾಗಿನಿಂದ ಡೀಸೆಲ್ ಡಂಪರ್ ಓಡಿಸಿದವನು. ಈಗ ಕಂಪನಿ ತಂದಿದ್ದ ಬ್ಯಾಟರಿ ಡಂಪರ್ ತಾನೇ ಗಣಿಗೆ ಇಳಿಯುತ್ತಿತ್ತು, ಕಲ್ಲು ತುಂಬಿಸಿಕೊಂಡು ತಾನೇ ಹತ್ತುತ್ತಿತ್ತು, ತಾನೇ ಸುರಿದು ಬರುತ್ತಿತ್ತು. ಸ್ಟೇರಿಂಗು ಮೈಮೇಲೆ ದೇವರು ಬಂದವರಂತೆ ಹೊರಳಾಡುವುದನ್ನು ನೋಡುತ್ತ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತಿರಬೇಕು. ಅಪಾಯವಾದರೆ ಮಾತ್ರ ಮುಟ್ಟಬೇಕು. ಮುಟ್ಟಿದರೆ ಆ ಪಾಳಿಯ ಪರೀಕ್ಷೆ ಕೆಟ್ಟಿತು.

ಅವನ ಬೆನ್ನುಮೂಳೆ ಸವೆದಿತ್ತು. ಕುಲುಕುವ ಸೀಟಿನ ಮೇಲೆ ಇನ್ನು ಕೂಡಬೇಡ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಆದರೆ ಸೀಟಿನಿಂದ ಇಳಿದ ಡ್ರೈವರನಿಗೆ ಗಣಿಯಲ್ಲಿ ಬೇರೆ ಜಾಗವಿರಲಿಲ್ಲ. ಮ್ಯಾನೇಜರು ಮಾತ್ರ ಒಂದು ಮಾತು ಕೊಟ್ಟಿದ್ದರು. ಈ ಗಾಡಿ ಇಡೀ ಪಾಳಿ ಯಾರ ಕೈಯೂ ತಾಗದೆ ಓಡಿದರೆ, ಅದಕ್ಕೆ ದಾರಿ ಕಲಿಸಿದವನಿಗೆ ಮೇಲಿನ ಚಾರ್ಜಿಂಗ್ ಶೆಡ್ಡಿನ ಕೆಲಸ. ಅಲ್ಲಿ ನೆರಳಿತ್ತು, ಫ್ಯಾನಿತ್ತು, ಬೆನ್ನು ಹಿಡಿದುಕೊಂಡಾಗ ಎದ್ದು ಓಡಾಡಬಹುದಿತ್ತು. ಉಳಿದ ಡ್ರೈವರುಗಳು ಆ ಗಾಡಿ ಹಾಳಾಗಲಿ ಎಂದು ಬಯಸುತ್ತಿದ್ದಾಗ ದೇವೀಂದ್ರಪ್ಪನೊಬ್ಬ ಅದು ನೆಟ್ಟಗೆ ಓಡಲಿ ಎಂದು ಕಾಯುತ್ತಿದ್ದ.

ದಾರಿ ಕಲಿಸಿದವನು ಅವನೇ. ಬೇಸಿಗೆಯುದ್ದಕ್ಕೂ ಅವನು ಓಡಿಸಿದ್ದನ್ನೆಲ್ಲ ಗಾಡಿ ಒಳಗೇ ನೆನಪಿಟ್ಟುಕೊಂಡಿತ್ತು: ಎಲ್ಲಿ ಬ್ರೇಕು, ಎಲ್ಲಿ ವೇಗ, ಯಾವ ತಿರುವಿಗೆ ಎಷ್ಟು ಸ್ಟೇರಿಂಗು. ಬಿಸಿಲಿಗೆ ಬ್ಯಾಟರಿ ಕಾದು ಗಾಡಿ ನಿಂತಿತು. ಅದನ್ನು ತಂಪು ಮಾಡುವ ಯಂತ್ರ ಬಂತು. ಕ್ಯಾಮರಾಗಳ ಮೇಲೆ ಬಿಳಿ ಧೂಳು ಕೂತು ಅದು ಕುರುಡಾಯಿತು, ಒರೆಸುವವರು ಬಂದರು. ಒಂದು ತೊಂದರೆ ಮಾತ್ರ ಬಗೆಹರಿಯಲಿಲ್ಲ. ಗಣಿಯ ರಸ್ತೆ ಹಳ್ಳ ದಾಟುವಲ್ಲಿ ಒಂದು ಕಿರಿದಾದ ಸೇತುವೆಯಿತ್ತು. ಎದುರಿಗೆ ದನವಿಲ್ಲದಿದ್ದರೂ, ಜನವಿಲ್ಲದಿದ್ದರೂ ಗಾಡಿ ಅದರ ಮುಂದೆ ಬಂದು ನಿಂತುಬಿಡುತ್ತಿತ್ತು. ಹಿಂದೆ ಸಾಲುಗಟ್ಟಿದವರು ಹಾರ್ನ್ ಹೊಡೆಯುತ್ತಿದ್ದರು. ಕೊನೆಗೆ ದೇವೀಂದ್ರಪ್ಪ ಪೆಡಲು ಒತ್ತುತ್ತಿದ್ದ.

"ಏನ್ ದೇವೀಂದ್ರಣ್ಣ, ನಿನ್ನ ಆನಿ ಇವತ್ತೂ ನೀರು ಕಂಡು ಅಂಜ್ತೇನು?" ಊಟದ ಹೊತ್ತಿಗೆ ಶರಣಕುಮಾರ ಕೆಣಕಿದ. ಅವನೂ ಡ್ರೈವರೇ, ವಯಸ್ಸಿನಲ್ಲಿ ಕಿರಿಯ.

"ಅದರ ಹೊಟ್ಟ್ಯಾಗ ಏನದನೋ ಯಾರಿಗ್ಗೊತ್ತೋ."

"ಕೈ ಕಟ್ಕೊಂಡು ಕುಂತು ಪಗಾರ ತಗೋತಿ, ಮತ್ತ ಮಾರಿ ಯಾಕ ಹಂಗ ಮಾಡ್ಕೊಂಡಿ?"

ದೇವೀಂದ್ರಪ್ಪ ಬುತ್ತಿ ಬಿಚ್ಚಿದ. ರೊಟ್ಟಿ ಮುರಿಯಲು ಬಾಗಿದರೂ ಬೆನ್ನು ಚಳಕ್ಕೆನ್ನುತ್ತಿತ್ತು.

ಅದರ ಹೊಟ್ಟೆಯಲ್ಲಿ ಏನಿದೆ ಎಂಬುದು ತಿಳಿದದ್ದು ರಜೆಯ ದಿನ. ತಂಗಿಯ ಮಗಳ ಸೀಮಂತದ ಕುಬಸಕ್ಕೆಂದು ಹೆಂಡತಿ ಶಿವಕಾಂತಮ್ಮನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಅವನು ಶಹಾಬಾದಿಗೆ ಹೊರಟಿದ್ದ. ಕಾಗಿಣಾ ನದಿಯ ಸೇತುವೆಯ ಬಳಿ ಹಿಂದಿನಿಂದ ಒಂದು ಲಾರಿಯ ಹಾರ್ನು ಬಾಯಿ ಹರಿದುಕೊಂಡಿತು.

"ನಡು ದಾರ್ಯಾಗ ಯಾಕ ನಿಂದರ್ಸಿದ್ರಿ?" ಎಂದಳು ಶಿವಕಾಂತಮ್ಮ.

"ಎಲ್ಲಿ ನಿಂದರ್ಸೀನಿ?"

"ಮತ್ತ ಹಾರ್ಲಿಕತ್ತೀವೇನು? ಮದಿವ್ಯಾದಾಗಿಂದ ನೋಡ್ಲಿಕತ್ತೀನಿ, ನೀರು ಬಂತಂದ್ರ ನಿಮ್ಮ ಗಾಡಿ ನಿಂದರತದ, ಕೈ ಹಣಿಗಿ ಹೋಗ್ತದ. ನಿಮ್ಮಪ್ಪಂದೂ ಹಿಂಗೇ ಇತ್ತು."

ಅವನು ತನ್ನ ಬಲಗೈ ನೋಡಿಕೊಂಡ. ಅದು ಆಗಲೇ ಹಣೆಯಿಂದ ಇಳಿಯುತ್ತಿತ್ತು.

ಅವನ ಮನೆತನದವರು ಕಾಗಿಣಾದಲ್ಲಿ ಹರಿಗೋಲು ಹಾಕುತ್ತಿದ್ದ ಅಂಬಿಗರು. ಗಂಗವ್ವನಿಗೆ ಕೈಮುಗಿಯದೆ ನೀರಿಗೆ ಇಳಿಯುವಂತಿರಲಿಲ್ಲ. ಸೇತುವೆಯಾದ ಮೇಲೆ ಹರಿಗೋಲು ಹೋಯಿತು, ಅಪ್ಪ ಕಲ್ಲಿನ ಗಣಿ ಸೇರಿದ, ಕೈಮುಗಿಯುವುದು ಉಳಿಯಿತು. ಬೇಸಿಗೆಯಿಡೀ ಗಣಿಯ ಹಳ್ಳದ ಮುಂದೆ ತಾನು ನಿಲ್ಲುತ್ತಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ಗಾಡಿ ನಿಲ್ಲುವುದನ್ನು ಕಲಿತಿತ್ತು. ಕೈಮುಗಿದದ್ದು ಮುಗಿಯಿತು ಎಂಬುದು ಅದಕ್ಕೆ ತಿಳಿಯುವ ಬಗೆ ಇರಲಿಲ್ಲ.

ಮರುದಿನವೇ ಅವನು ಎಂಜಿನಿಯರ್ ಸುಶ್ಮಿತಾಳಿಗೆ ಹೇಳಿದ. ಸೇಡಂ ಕಡೆಯ ಹುಡುಗಿ, ನಗಲಿಲ್ಲ.

"ಇದ್ರಾಗ ನಾಚ್ಕೊಳ್ಳೋದೇನದ ಕಾಕಾ? ಅಷ್ಟು ದಾರಿ ಅಳಸಿ ಹಾಕ್ತೀನಿ. ನೀವು ಮತ್ತ ಕಲಸ್ರಿ. ನಿಂದರಬ್ಯಾಡ್ರಿ, ಅಷ್ಟೇ."

"ಅಷ್ಟೇ ಹೌದಲ್ರಿ ಮೇಡಂ?"

"ಅಷ್ಟೇ."

ಅವಳು ಪಕ್ಕದಲ್ಲಿ ಕೂತ ಮೊದಲ ಸುತ್ತಿನಲ್ಲಿ ಅವನು ನಿಲ್ಲಲಿಲ್ಲ. ಅವಳು ಇಳಿದು ಹೋದ ಮೇಲೆ ನಿಂತ. ಮುಂದಿನ ಸುತ್ತಿಗೆ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡ. ಕೈ ಅಲ್ಲೇ ಇತ್ತು, ಕಾಲು ಬ್ರೇಕಿಗೆ ಹೋಯಿತು. ಬೆಳಿಗ್ಗೆ ಪಾಳಿಗೆ ಮುಂಚೆ ಹಳ್ಳದ ದಂಡೆಗೆ ನಡೆದು ಹೋಗಿ, "ಯವ್ವಾ, ಇಡೀ ದಿನದ್ದು ಈಗೇ ಕೈ ಮುಗಿದೀನಿ, ಮತ್ತ ಮತ್ತ ನಿಂದರ್ಸಬ್ಯಾಡ" ಎಂದು ಬೇಡಿಕೊಂಡು ಬಂದ. ಆ ದಿನ ಒಂದೆರಡು ಸಲ ಕಾಲು ಮಾತು ಕೇಳಿತು, ಆಮೇಲೆ ಮರೆಯಿತು. ಎಚ್ಚರದಿಂದ ಇದ್ದಷ್ಟು ಹೊತ್ತು ಹಳ್ಳ ಇನ್ನೂ ದೂರವಿರುವಾಗಲೇ ಅವನ ವೇಗ ತಗ್ಗುತ್ತಿತ್ತು. ಗಾಡಿ ಅದನ್ನೂ ಕಲಿಯಿತು.

ಸುಶ್ಮಿತಾ ಅವನನ್ನು ಆಫೀಸಿನ ಹೊರಗೆ ಕರೆದು ನಿಲ್ಲಿಸಿಕೊಂಡಳು.

"ಕಾಕಾ, ಮ್ಯಾಲಿನವರು ತಡೀಲಿಕ್ಕೆ ತಯಾರಿಲ್ಲ. ಬ್ಯಾರೆ ಡ್ರೈವರನ್ನ ಕೂಡ್ಸು ಅಂದಾರ."

"ಕಲಿಸಿದವನಿಗಿ ಶೆಡ್ಡು ಅಂತ ಮಾತಿತ್ತಲ್ರಿ."

"ಇತ್ತು," ಎಂದಳು ಅವಳು. "ಈಗೂ ಅದೇ ಮಾತು."

ಶರಣಕುಮಾರ ಕಲಿಸಿದ. ನೀರಿಗೂ ಅವನ ಮನೆತನಕ್ಕೂ ಸಂಬಂಧವಿರಲಿಲ್ಲ. ಅವನಿಗೆ ಅದು ಬರಿಯ ಸೇತುವೆ. ಗಾಡಿ ಬೆಳಗಿನಿಂದ ಸಂಜೆಯವರೆಗೆ ಯಾರ ಕೈಯೂ ತಾಗದೆ ಓಡಿತು. ಪೇಢೆ ಹಂಚಿದರು, ದೇವೀಂದ್ರಪ್ಪನಿಗೂ ಕೊಟ್ಟರು. ಮರುದಿನ ಅವನನ್ನು ಹಳೆಯ ಡೀಸೆಲ್ ಡಂಪರಿಗೆ ಹಾಕಿದರು. ಅದರ ಸೀಟಿನ ಸ್ಪ್ರಿಂಗು ಯಾವಾಗಲೋ ಸತ್ತಿತ್ತು.

ಹಳ್ಳದ ಹತ್ತಿರ ಈಗ ಒಂದು ಬೋರ್ಡು ನಿಂತಿದೆ. ಡ್ರೈವರಿಲ್ಲದ ಗಾಡಿ ಬರುವಾಗ ಉಳಿದವರು ಈಚೆ ಕಾಯಬೇಕು. ಶೆಡ್ಡಿನಿಂದ ಅಪ್ಪಣೆಯಾಗದೆ ಸೇತುವೆ ಹತ್ತಕೂಡದು. ದೇವೀಂದ್ರಪ್ಪ ನಿಲ್ಲುತ್ತಾನೆ. ಗಾಳಿಯೂ ಆಡದ ಕ್ಯಾಬಿನ್ನಿನಲ್ಲಿ ಇಂಜಿನ್ನು ಅವನ ಬೆನ್ನನ್ನು ಅಲುಗಿಸುತ್ತಿರುತ್ತದೆ. ಬ್ಯಾಟರಿ ಗಾಡಿ ಖಾಲಿ ಸೀಟು ಹೊತ್ತು, ವೇಗ ತಗ್ಗಿಸದೆ, ಸದ್ದಿಲ್ಲದೆ ನೀರು ದಾಟಿ ಹೋಗುತ್ತದೆ. ಅವನ ಕೈ ಹಣೆಗೆ ಹೋಗಿ ಇಳಿಯುತ್ತದೆ. ಇಳಿದ ಮೇಲೂ ಅವನು ಕಾಯುತ್ತಾನೆ. ಫ್ಯಾನಿನ ಸದ್ದಿನೊಂದಿಗೆ ವಾಕಿಟಾಕಿಯಲ್ಲಿ ಶರಣಕುಮಾರನ ಧ್ವನಿ ಬರುವವರೆಗೆ:

"ಹೋಗಣ್ಣಾ, ದಾರಿ ಖಾಲಿ ಅದ."