ಮಾಳಮ್ಮ ಅಂದು ಮುಟ್ಟಿದ ಕೈ

1971ರ ಜನವರಿಯ ಒಂದು ಮಧ್ಯಾಹ್ನ, ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿನಲ್ಲಿ, ಕುರಿ ಕಾಯುವ ಮನೆತನದ ಮಾಳಮ್ಮ ಎಂಬ ಹೆಣ್ಣುಮಗಳು ನನ್ನ ಎಡಗೈ ಮುಟ್ಟಿ ನೋಡಿ, ಮಣಿಕಟ್ಟಿನ ಮೇಲಿನ ಎಲುಬು ಎರಡು ಸಲ ಮುರಿದು ಕೂಡಿದೆ ಎಂದಳು. ಆ ದಿನದವರೆಗೆ ನನ್ನ ಮೈಯ ಯಾವ ಎಲುಬೂ ಮುರಿದಿರಲಿಲ್ಲ.

ಇಂಥ ಸಂಗತಿಗಳನ್ನು ನಂಬುವವನು ನಾನಲ್ಲ. ಆಗ ಹುಮನಾಬಾದಿನಲ್ಲಿದ್ದು ಗುಲಬರ್ಗಾದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಮೈಮೇಲೆ ದೇವರು ಬಂದದ್ದು, ಸತ್ತವರು ಕನಸಿನಲ್ಲಿ ದಾರಿ ತೋರಿಸಿದ್ದು ಎಂದು ಹೇಳಿಕೊಂಡು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆನೇ ಹೊರತು ಒಂದು ಸಾಲೂ ಬರೆದವನಲ್ಲ. ಓದುವವರು ಇದನ್ನೂ ಹಾಗೆಯೇ ಬದಿಗಿಟ್ಟರೆ ನನ್ನ ತಕರಾರಿಲ್ಲ.

ಕೊಹಿನೂರಿನ ಅಜ್ಜ, ಬೀರಪ್ಪ ಮುತ್ಯಾ, ಸುತ್ತಲಿನ ಹಳ್ಳಿಗಳಿಗೆಲ್ಲ ಎಲುಬು ಕಟ್ಟುತ್ತಿದ್ದ. ಮಂಠಾಳದಿಂದ, ಹುಡಗಿಯಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅವನಿಗೆ ಗಂಡುಮಕ್ಕಳಿರಲಿಲ್ಲ. ತಮ್ಮನ ಸೊಸೆ ಮಾಳಮ್ಮ ಕುರಿಗಳ ಕಾಲು ತಿಕ್ಕುತ್ತ ತಿಕ್ಕುತ್ತ ಅವನ ಬಳಿ ಹತ್ತು ವರ್ಷ ಕಲಿತಿದ್ದಳು. ಉಳುಕು ತಿಕ್ಕಲು ಆಕೆಗೆ ಅಡ್ಡಿಯಿರಲಿಲ್ಲ. ಆದರೆ ಮುರಿದ ಎಲುಬಿಗೆ ಕೈ ಹಾಕಬೇಕಾದರೆ ಕಂಬಳಿಯ ಪರೀಕ್ಷೆ ಮುಗಿಯಬೇಕು. ಐವರು ಸಾಲಾಗಿ ಕುಳಿತು ಎಡಗೈಗಳನ್ನು ಒಂದೇ ಕಂಬಳಿಯ ಕೆಳಗೆ ಚಾಚುತ್ತಾರೆ. ಎಂದೋ ಮುರಿದು ಕೂಡಿದ ಕೈ ಅವುಗಳಲ್ಲಿ ಎಷ್ಟಿವೆ ಎಂದು ಹೇಳುವುದಿಲ್ಲ. ಕಲಿತವರು ಕಂಬಳಿಯೊಳಗೆ ಕೈ ಆಡಿಸಿ ಹೇಳಬೇಕು. ಸರಿ ಹೇಳಿದರೆ ಹಿರಿಯ ಮುರಿದ ಎಲುಬಿಗೆ ಕಟ್ಟುವ ತನ್ನ ಬಿದಿರಿನ ದಬ್ಬೆಗಳ ಕಟ್ಟನ್ನು ಕೊಡುತ್ತಾನೆ. ತಪ್ಪಿದವರು ಮತ್ತೆ ಆ ಕಂಬಳಿಯ ಮುಂದೆ ಕೂಡುವಂತಿಲ್ಲ.

ನಾನು ಸುದ್ದಿ ಮಾಡಲು ಹೋದವನು. ಐದನೆಯವನು ಬರಲಿಲ್ಲವೆಂದು ಬೀರಪ್ಪ ನನ್ನನ್ನೇ ಕೂಡಿಸಿದ. ಹೆಂಗಸು ಎಲುಬು ಕಟ್ಟುವುದುಂಟೇ ಎಂದು ಗೊಣಗುವವರು ಅಂಗಳದಲ್ಲಿ ಬಹಳ ಮಂದಿ ಇದ್ದರು. ಪೇಪರಿನವನು ಕೂತದ್ದು ಅವರಿಗೂ ಒಪ್ಪಿಗೆಯಾಯಿತು. ನಾನು ಯಾರ ಕಡೆಯವನೂ ಅಲ್ಲವಲ್ಲ.

ಮಾಳಮ್ಮ ಮೂರನೆಯ ಕೈಯನ್ನು ತಡವಿಲ್ಲದೆ ಗುರುತಿಸಿದಳು. ಅದು ಮಂಠಾಳದ ಒಕ್ಕಲಿಗನ ಕೈ, ಹುಡುಗನಾಗಿದ್ದಾಗ ಮರದಿಂದ ಬಿದ್ದು ಮುರಿದದ್ದು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆಕೆ ನನ್ನವರೆಗೆ ಬಂದಳು. ಬೆರಳುಗಳು ಬಿಸಿಯಾಗಿದ್ದವು, ಒರಟಾಗಿದ್ದವು. ಮಣಿಕಟ್ಟಿನ ಮೇಲೆ ಎರಡು ಬೆರಳಗಲ ಜಾಗದಲ್ಲಿ ಅವು ನಿಂತವು, ಸರಿದವು, ಮತ್ತೆ ಅಲ್ಲಿಗೇ ಬಂದವು.

“ಇದೂ ಮುರದದ ಮಾವ. ಒಮ್ಮೆ ಸೊಟ್ಟ ಕೂಡ್ಯಾದ. ಮತ್ತ ಮುರದು ಕೂಡಿಸ್ಯಾರ.”

ನಾನು ಇಲ್ಲವೆಂದೆ. ಬೀರಪ್ಪ ಅವಸರ ಮಾಡಲಿಲ್ಲ. ಕೂಸಿದ್ದಾಗ ಆಗಿದ್ದರೆ ನಿಮಗೆ ನೆನಪಿರಲಿಕ್ಕಿಲ್ಲ, ನಿಮ್ಮ ಅವ್ವನ್ನ ಕೇಳಿ ಹೇಳಿರಿ, ಅಲ್ಲಿತನಕ ನಾನೇನೂ ಅನ್ನುವುದಿಲ್ಲ ಎಂದ. ಕೇಳಿದೆ. ನಮ್ಮ ತಾಯಿ, ನಿನ್ನ ಕೈಗೆ ಹುಣ್ಣೂ ಆಗಿದ್ದಿಲ್ಲ ಎಂದಳು. ನಾನು ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆ ಖಾತ್ರಿ ಮಾಡಿಕೊಳ್ಳದೆ ಬರೆಯಬಾರದು ಎಂಬುದು ನನ್ನ ಕಸುಬಿನ ರೂಢಿ. ಗುಲಬರ್ಗಾಕ್ಕೆ ಹೋದಾಗ ಕೈಯ ಎಕ್ಸರೇ ತೆಗೆಸಿದೆ. ಎಲುಬಿನಲ್ಲಿ ಒಂದು ಗೆರೆಯೂ ಇಲ್ಲ ಎಂದರು ಡಾಕ್ಟರು. ಅದನ್ನು ಕೊಹಿನೂರಿಗೆ ಒಯ್ದು, ಬಿಸಿಲಿಗೆ ಹಿಡಿದು ಬೀರಪ್ಪನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ದಬ್ಬೆಗಳ ಕಟ್ಟನ್ನು ಗೂಟಕ್ಕೆ ತೂಗುಹಾಕಿ ಒಳಗೆ ಹೋದ. ಮಾಳಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಒಂದೇ ಮಾತು ಆಡಿದಳು.

“ನನ್ನ ಕೈಗೆ ಹತ್ತಿದ್ದು ನಾ ಹೇಳೀನ್ರಿ ಸಾಹೇಬ್ರ. ಇಲ್ದಿದ್ದು ಹೇಳಿಲ್ಲ.”

ನಾನು ಸುದ್ದಿ ಬರೆಯಲಿಲ್ಲ. ಮುಂದಿನ ವರ್ಷಗಳಲ್ಲಿ ಬೀರಪ್ಪನ ಕೈ ನಡುಗತೊಡಗಿತು. ಎಲುಬು ಮುರಿದವರು ಬಂದರೆ ಮಾಳಮ್ಮ ಹೊಸಿಲು ದಾಟಿಸದೆ ಹುಮನಾಬಾದಿನ ಆಸ್ಪತ್ರೆಗೆ ಕಳಿಸುತ್ತಿದ್ದಳು. ಬಸ್ಸಿಗೆ ಕಾಯುತ್ತ ನರಳುತ್ತಿದ್ದ ಒಬ್ಬ ಮುದುಕನನ್ನು ನಾನೇ ನೋಡಿದೆ. ಆಕೆ ಪಕ್ಕದಲ್ಲಿ ಕುಳಿತು ಅವನ ಕಾಲಿಗೆ ನೆರಳು ಮಾಡಿ ಸೆರಗು ಹಿಡಿದಿದ್ದಳು, ಮುಟ್ಟಲಿಲ್ಲ.

1979ರ ಮಳೆಗಾಲದಲ್ಲಿ ಹುಮನಾಬಾದಿನ ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ಎಡಗೈ ಊರಿ ಬಿದ್ದೆ. ಮಣಿಕಟ್ಟಿನ ಮೇಲೆ ಮುರಿಯಿತು. ಹಾಗೆ ಬಿದ್ದವರಲ್ಲಿ ಬಹಳ ಮಂದಿಗೆ ಮುರಿಯುವುದು ಅಲ್ಲಿಯೇ ಎಂದು ಡಾಕ್ಟರು ಹೇಳಿದರು. ಅದನ್ನು ಇಲ್ಲಿ ಬರೆಯಲೇಬೇಕು. ಪ್ಲಾಸ್ಟರ್ ಬಿಚ್ಚಿದಾಗ ಕೈ ಸೊಟ್ಟಗಾಗಿತ್ತು. ಗುಲಬರ್ಗಾದಲ್ಲಿ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಿ, ಮತ್ತೆ ಮುರಿದು ಕೂಡಿಸಿದರು. ಎಚ್ಚರವಾಗಿ ಹಾಸಿಗೆಯಲ್ಲಿ ಮಲಗಿದ್ದಾಗ ಆ ಕಂಬಳಿಯ ದಿನದಿಂದ ಕಳೆದ ವರ್ಷಗಳನ್ನು ಒಂಟಿ ಕೈಯಿಂದ ಎಣಿಸಿದೆ.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಹಾಕುತ್ತೇವೆ. ನಾನು ಹೇಳಿದ್ದು ತಪ್ಪಾಗಿರಲಿಲ್ಲ, ಆದರೂ ಸುಮ್ಮನಿರಲು ಆಗಲಿಲ್ಲ. ಕೈ ಗುಣವಾದ ಮೇಲೆ ಕೊಹಿನೂರಿಗೆ ಹೋದೆ. ಬೀರಪ್ಪನಿಗೆ ಆಗ ಕಣ್ಣು ಕಾಣಿಸುತ್ತಿರಲಿಲ್ಲ. ಹೊರಸಿನ ಮೇಲೆ ಕುಳಿತಿದ್ದ. ನಾನು ಯಾಕೆ ಬಂದೆನೆಂದು ಹೇಳದೆ ಕೈ ಚಾಚಿದೆ. ನಡುಗುವ ಬೆರಳುಗಳು ಮಣಿಕಟ್ಟಿನ ಮೇಲೆ ಬಂದು ನಿಂತವು.

“ಎರಡ್ ಸಲ,” ಎಂದ. ಕೈ ಬಿಡದೆ, “ಪೇಪರ್ ಸಾಹೇಬ್ರೇನು? ಅವತ್ತು ಇದು ಮುರದಿದ್ದಿಲ್ಲ ಅಂದಿದ್ರಿ.”

“ಖರೇನೇ ಮುರದಿದ್ದಿಲ್ಲ ಮುತ್ಯಾ. ಮುರದಿದ್ದು ಈ ವರ್ಷ.”

“ಹಂಗಾದ್ರ ಆಕಿ ಅವತ್ತು ಯಾವ ಕೈ ಮುಟ್ಟಿದ್ಳು?”

ಬೀರಪ್ಪ ಮಾಳಮ್ಮನನ್ನು ಕರೆಯಿಸಿ, ಗೂಟದ ಮೇಲಿನ ಕಟ್ಟು ತರಲು ಹೇಳಿದ. ದಬ್ಬೆಗಳಿಗೆ ಜೇಡರಬಲೆ ಕಟ್ಟಿತ್ತು. ಆಕೆ ಸೆರಗಿನಿಂದ ಒರೆಸಿ ತಂದಳು. ಅವನು ಅದನ್ನು ಹಣೆಗೆ ಮುಟ್ಟಿಸಿಕೊಂಡು ಆಕೆಯ ಎರಡೂ ಕೈಗಳಲ್ಲಿಟ್ಟ. ಅಂಗಳದಲ್ಲಿ ಈ ಸಲ ನಾಲ್ಕೈದು ಮಂದಿಯಷ್ಟೇ ಇದ್ದರು. ಆಕೆಯ ಕಣ್ಣುಗಳು ತುಂಬಿದ್ದವು. ನನ್ನ ಕಡೆ ತಿರುಗಿ ಹೇಳಿದ್ದು ಮಾತ್ರ ಬೇರೆ.

“ಮುರಕೊಳ್ಳಾಕ ಇಷ್ಟು ವರ್ಷ ತಡಾ ಮಾಡಿದ್ರಲ್ರಿ ಸಾಹೇಬ್ರ.”

ಅಂದಿನಿಂದ ಆ ಸೀಮೆಯಲ್ಲಿ ಮುರಿದ ಎಲುಬು ಕಟ್ಟುವವಳು ಆಕೆಯೇ. ಬೀರಪ್ಪ ಮರುವರ್ಷ ತೀರಿಕೊಂಡ. ಅಂದಾಜಿಗೆ ಹೇಳಿದ್ದು ಕೂಡಿಬಂತು ಎಂದುಕೊಳ್ಳಲು ನಾನು ಪ್ರಯತ್ನಿಸಿದ್ದೇನೆ. ಮುರಿಯುವುದನ್ನು ಅಂದಾಜಿಗೆ ಹೇಳಬಹುದು. ಸೊಟ್ಟ ಕೂಡಿ ಮತ್ತೆ ಮುರಿಯುವುದನ್ನು ಹೇಗೆ ಹೇಳುವುದು, ನನಗೆ ಇಂದಿಗೂ ತಿಳಿದಿಲ್ಲ. ಆಕೆಯನ್ನೇ ಒಮ್ಮೆ ಕೇಳಿದ್ದೆ. ಕೈಗೆ ಹತ್ತಿತ್ತು, ಅಷ್ಟೇ ಎಂದಳು.

ಕಳೆದ ತಿಂಗಳು ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಮಾಳಮ್ಮ ಸಿಕ್ಕಳು. ಮಂಠಾಳಕ್ಕೆ ಯಾರದೋ ಕಾಲು ಕಟ್ಟಲು ಹೊರಟಿದ್ದಳು. ಮಾತನಾಡುತ್ತ ನನ್ನ ಬಲಗೈ ಹಿಡಿದುಕೊಂಡಳು. ಮೊಣಕೈಯಿಂದ ಬೆರಳಿನವರೆಗೆ ನಿಧಾನವಾಗಿ ತಡವಿ, ಕೈಬಿಟ್ಟಳು. ಏನಾದರೂ ಕಂಡಿತೇ ಎಂದು ಕೇಳಿದೆ.

“ಬಸ್ ಬಂತ್ರಿ,” ಎಂದು ಹೇಳಿ ಹತ್ತಿ ಹೋದಳು.